ಒಂದೇ ಗೀಟಿನ ನಾನು

ಕ್ಯಾಲಮ್ ಥ್ವೇಟ್‌ಗೆ 'ನಾನು' ಅನ್ನುವ ಅಭ್ಯಾಸ ಇರಲಿಲ್ಲ.

ಉತ್ತರ ಇಂಗ್ಲೆಂಡಿನ ಆ ಕ್ರೇಬೆಕ್ ಊರಿನಲ್ಲಿ ಯಾರಿಗೂ ಇರಲಿಲ್ಲ. ನಾನು ಟೀ ಕುಡಿದೆ ಅನ್ನಬಹುದು, ನನಗೆ ಚಳಿ ಅನ್ನಬಹುದು. ನಾನು ಗೆದ್ದೆ ಅನ್ನುವಂತಿಲ್ಲ. ನಾನು ಕೆಡಿಸಿದೆ ಅಂತಲೂ ಅನ್ನುವಂತಿಲ್ಲ. ಒಬ್ಬನೇ ನಿಂತು ಗೋಡೆ ಕಟ್ಟಿದವನೂ 'ಕಟ್ಟಿದ್ವಿ' ಅನ್ನುತ್ತಾನೆ. ಹೆಂಡತಿಯ ತುಟಿ ಒಡೆದವನೂ 'ನಮ್ಮಲ್ಲಿ ಸ್ವಲ್ಪ ಮಾತು ಬೆಳೀತು' ಅನ್ನುತ್ತಾನೆ. ಕ್ಯಾಲಮ್ ಸಣ್ಣವನಿದ್ದಾಗ ಒಂದು ದಿನ ಶಾಲೆಯಿಂದ ಓಡಿಬಂದು, ಲೆಕ್ಕದಲ್ಲಿ ನಾನೇ ಫಸ್ಟು ಅಂದಿದ್ದ. ಅಪ್ಪ ಟೀ ಮಗ್ಗನ್ನು ಕೆಳಗಿಟ್ಟು, ಎದ್ದು ಬಂದು, ಕಿವಿಯ ಮೇಲೆ ಒಂದು ಬಿಟ್ಟ. ಕೋಪವೇನೂ ಇರಲಿಲ್ಲ. ಸೋರುವ ಮೂಗು ಒರೆಸಿದಷ್ಟೇ ಸಹಜವಾಗಿ ಹೊಡೆದ. "ಮೆರೀಬೇಡ," ಅಂದು ಹೋಗಿ ಮತ್ತೆ ಕೂತ. ಆ ಅಪ್ಪ ಈಗಿಲ್ಲ. ಕಲ್ಲುಗಣಿಯ ಧೂಳು ಎದೆಯಲ್ಲಿ ಕಟ್ಟಿಕೊಂಡು ಸತ್ತ. ಆ ಕಿವಿ ಮಾತ್ರ ಚಳಿಗಾಲದಲ್ಲಿ ಇನ್ನೂ ಗುಂಯ್ ಅನ್ನುತ್ತಿತ್ತು.

ವರ್ಷಕ್ಕೊಮ್ಮೆ, ಈಸ್ಟರಿನ ಉಪವಾಸ ಶುರುವಾಗುವ ಹಿಂದಿನ ದಿನ, ಪ್ಯಾನ್‌ಕೇಕ್ ಮಂಗಳವಾರದ ಮಧ್ಯಾಹ್ನ, ಊರು ಎರಡಾಗುತ್ತದೆ. ಸೇತುವೆಯ ಮೇಲ್ಗಡೆ ಹುಟ್ಟಿದವರು ಮೇಲಿನವರು, ಕೆಳಗಡೆ ಹುಟ್ಟಿದವರು ಕೆಳಗಿನವರು. ಹೊಟ್ಟು ತುಂಬಿದ ತೊಗಲಿನ ಚೆಂಡೊಂದನ್ನು ಸೇತುವೆಯ ಮೇಲಿಂದ ಎಸೆಯುತ್ತಾರೆ. ಮೇಲಿನವರು ಅದನ್ನು ಚರ್ಚಿನ ಗೇಟಿಗೆ ಮುಟ್ಟಿಸಬೇಕು, ಕೆಳಗಿನವರು ಬಂದರಿನ ಕಂಬಕ್ಕೆ. ಬೇರೆ ನಿಯಮ ಇಲ್ಲ. ಅಂಗಡಿಯವರು ಬೆಳಿಗ್ಗೆಯೇ ಗಾಜಿಗೆ ಹಲಗೆ ಬಡಿದುಕೊಂಡಿರುತ್ತಾರೆ. ಚೆಂಡಿನ ಸುತ್ತ ನೂರಾರು ಗಂಡಸರು ಒಬ್ಬರನ್ನೊಬ್ಬರು ಹೆಣೆದುಕೊಂಡು ನೂಕುತ್ತಾರೆ. ಆ ಮನುಷ್ಯರ ಮುದ್ದೆಗೆ ಊರಿನ ಹೆಸರು 'ಅಪ್ಪುಗೆ'. ಅಪ್ಪುಗೆಯೊಳಗೆ ಏನು ಆದರೂ ಅದನ್ನು ಯಾರೂ ಮಾಡಿದ್ದಲ್ಲ. ದವಡೆ ಮುರಿದುಕೊಂಡು ಆಸ್ಪತ್ರೆಗೆ ಹೋದವನು ಡಾಕ್ಟರಿಗೆ ಹೇಳುವುದು ಒಂದೇ ಮಾತು, ಚೆಂಡಿಗೆ ಸಿಕ್ಕಿದ್ದು ಅಂತ. ಒದ್ದವನ ಹೆಸರೂ ಹೊರಗೆ ಬರುವುದಿಲ್ಲ, ಎತ್ತಿದವನ ಹೆಸರೂ ಬರುವುದಿಲ್ಲ.

ಹೋದ ವರ್ಷ ಚೆಂಡು ಹೊಳೆಗೆ ಬಿತ್ತು. ಅಪ್ಪುಗೆಯೂ ಅದರ ಹಿಂದೆಯೇ ಹೊಳೆಗೆ ಇಳಿಯಿತು. ಬೆಟ್ಟದ ಹಿಮ ಕರಗಿ ಬಂದ ನೀರು ಎದೆಮಟ್ಟಕ್ಕಿತ್ತು. ಮೇಲಿನವರ ಕಡೆಯ ಕ್ಯಾಲಮ್‌ಗೆ ಅದು ಅಪ್ಪುಗೆಯ ಮೊದಲ ವರ್ಷ. ಅಣ್ಣ ಶೇನ್ ತನ್ನ ಹಳೆಯ ಬೂಟು ಕೊಟ್ಟು, ಅಂಗಳದಲ್ಲಿ ಕೂತು ತಾನೇ ಲೇಸು ಕಟ್ಟಿ, ಬಿಚ್ಚಿಹೋಗದ ಹಾಗೆ ಮೂರು ಗಂಟು ಹಾಕಿ ಕರೆದುಕೊಂಡು ಬಂದಿದ್ದ. ಸೇತುವೆಯ ಕೆಳಗೆ ಹಿಂದಿನವರು ಮುಂದಕ್ಕೆ ನೂಕಿದರು, ಮುಂದಿನವರು ಹಿಂದಕ್ಕೆ ನೂಕಿದರು. ಕುಳ್ಳಗಿದ್ದ ಕ್ಯಾಲಮ್‌ನ ಬಾಯಿಗೆ ನೀರು ಬಂತು. ಕೈ ಎತ್ತಲು ಜಾಗವಿರಲಿಲ್ಲ. ಮೂಗಿಗೆ ನೀರು ಬಂತು. ಆಗ ಕಾಲ ಕೆಳಗೆ ಏನೋ ಸಿಕ್ಕಿತು. ಅದರ ಮೇಲೆ ನಿಂತ. ಗಲ್ಲ ನೀರಿನಿಂದ ಮೇಲೆ ಬಂತು, ಉಸಿರು ಬಂತು.

ಕಾಲ ಕೆಳಗಿನದು ಅಲುಗಾಡಿತು. ಕಲ್ಲು ಅಲುಗಾಡುವುದಿಲ್ಲ. ಒಂದು ಕೈ ಅವನ ಮೀನಖಂಡವನ್ನು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ಅದು ಏನೆಂದು ಕ್ಯಾಲಮ್‌ಗೆ ಗೊತ್ತಾಯಿತು. ಪಕ್ಕಕ್ಕೆ ಜರುಗಬಹುದಿತ್ತು. ಜರುಗಿದರೆ ಮತ್ತೆ ಮೂಗಿಗೆ ನೀರು. ಅವನು ಜರುಗಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕೈ ಹಿಡಿಯುವುದನ್ನು ಬಿಟ್ಟಿತು.

ಪಕ್ಕದಲ್ಲಿದ್ದ ಶೇನ್ ಇದ್ದಕ್ಕಿದ್ದಂತೆ ಮುಳುಗಿದ. ಕ್ಯಾಲಮ್‌ನ ಕಾಲು ಜಾರಿತು, ಅವನೂ ಮುಳುಗಿ ಎದ್ದ. ಎದ್ದಾಗ ಶೇನ್‌ನ ಕೈಯಲ್ಲಿ ಒಬ್ಬನ ಜುಟ್ಟು ಇತ್ತು. ಡೆರೆಕ್ ನಾಟ್ರಸ್, ಕೆಳಗಿನವರ ಕಡೆಯವನು. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ದಡದ ಮೇಲೆ ಶೇನ್ ಅವನ ಎದೆಗೆ ಅಂಗೈಯಲ್ಲಿ ಗುದ್ದಿದ. ಪಕ್ಕೆಲುಬು ಲಟ್ಟೆಂದದ್ದು ಸೇತುವೆಯ ಮೇಲಿದ್ದವರಿಗೂ ಕೇಳಿಸಿತು. ನೀರು ಕಕ್ಕಿ ಡೆರೆಕ್ ಉಸಿರೆಳೆದ ಮೇಲೆ ಶೇನ್ ಮತ್ತೆ ಹೊಳೆಗೆ ಇಳಿದ, ಆಟ ಮುಗಿದಿರಲಿಲ್ಲ. ಆ ಸಲ ಕೆಳಗಿನವರು ಗೆದ್ದರು.

ಡೆರೆಕ್ ಬದುಕಿದ. ಅವನ ಅಣ್ಣ ಕಾಲಿನ್ ನಡೆಸುವ ಮೀನು-ಚಿಪ್ಸ್ ಅಂಗಡಿಯ ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತಿರುತ್ತಾನೆ. ಅರ್ಧ ಮಾತು ಹೋಗಿದೆ. ಯಾರಾದರೂ ಸತ್ತ ಸುದ್ದಿ ಹೇಳಿದರೆ ನಗುತ್ತಾನೆ. ಊರು ಈ ವಿಷಯದಲ್ಲಿ ಆಡಿದ್ದು ಒಂದೇ ಮಾತು: ಎಳೆದು ಹಾಕಿದ್ವಿ.

ಕ್ಯಾಲಮ್‌ಗೆ ಅಮೆರಿಕದ ಹುಚ್ಚು ಹಿಡಿದದ್ದು ಆಮೇಲಿನ ಬೇಸಿಗೆಯಲ್ಲಿ. ಸರ್ಕಾರಿ ಶಾಲೆಗಳ ಮಕ್ಕಳನ್ನು ಆರಿಸಿ ಒಂದು ವಾರ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಿಗೆ ಕರೆದೊಯ್ಯುವ ಸಂಘವೊಂದಿತ್ತು. ಲೆಕ್ಕದ ಅಂಕ ನೋಡಿ ಅವನನ್ನೂ ಕರೆದೊಯ್ದರು. ಅವನು ನೋಡಿದ್ದು ಒಂದು ಗ್ರಂಥಾಲಯ. ಅದಕ್ಕೆ ಬಾಗಿಲು ಹಾಕುವ ಸಮಯವೇ ಇರಲಿಲ್ಲ. ಕ್ರೇಬೆಕ್‌ನ ಗ್ರಂಥಾಲಯವನ್ನು ಕೌನ್ಸಿಲ್‌ನವರು ಮುಚ್ಚಿ ಈಗ ಅಲ್ಲಿ ಹಾಸಿಗೆ ಮಾರುತ್ತಾರೆ. ಅಮೆರಿಕದ ಆ ಗ್ರಂಥಾಲಯದಲ್ಲಿ ಅವನು ಒಂದು ಕುರ್ಚಿಯಲ್ಲಿ ಕೂತ. ಯಾರೂ ಬಂದು ಏಳು ಅನ್ನಲಿಲ್ಲ. ಊರಿಗೆ ವಾಪಸು ಬಂದವನಿಗೆ ಬೇರೆ ಏನೂ ಬೇಡವಾಗಿತ್ತು. ಆ ಕುರ್ಚಿ ಬೇಕಿತ್ತು.

ಅರ್ಜಿಯ ಕೆಲಸ ನೋಡಿಕೊಂಡವರು ಇಂಗ್ಲಿಷ್ ಪಾಠ ಮಾಡುವ ಮಿಸ್ ಡಕ್ವರ್ತ್. ದಕ್ಷಿಣದವರು, ಊರಿಗೆ ಬಂದು ಎರಡು ವರ್ಷವಾಗಿತ್ತು, ಒಳ್ಳೆಯವರು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಅಂಕ ಸಾಕು, ಅಮೆರಿಕದವರಿಗೆ ಮನುಷ್ಯ ಬೇಕು ಎಂದು ಅವರು ಮ್ಯಾಂಚೆಸ್ಟರಿನ ತರಬೇತಿಯಲ್ಲಿ ಕೇಳಿಸಿಕೊಂಡು ಬಂದಿದ್ದರು. ನಿನ್ನ ಬಗ್ಗೆ ಒಂದು ಪ್ರಬಂಧ ಬರಿ ಅಂದರು. ಕ್ಯಾಲಮ್ ಚೆಂಡಿನ ಬಗ್ಗೆ ಬರೆದ, ಡೆರೆಕ್‌ನ ಬಗ್ಗೆ ಬರೆದ. ನಾವು ಹೊಳೆಗೆ ಇಳಿದೆವು. ನಾವು ಒಬ್ಬನ ಮೇಲೆ ನಿಂತಿದ್ದೆವು. ನಾವು ಅವನನ್ನು ಎಳೆದು ಹಾಕಿದೆವು.

ಮಿಸ್ ಡಕ್ವರ್ತ್ ಕೆಂಪು ಪೆನ್ನು ತೆಗೆದರು. ಕಂಡ ಕಂಡ 'ನಾವು' ಹೊಡೆದು 'ನಾನು' ಮಾಡಿದರು. ಒಬ್ಬನ ಮೇಲೆ ನಿಂತ ವಾಕ್ಯ ಬಂದಾಗ ಸ್ವಲ್ಪ ತಡೆದು, ಇದು ಬೇಕಾಗಿಲ್ಲ ಅಂದು ಇಡೀ ವಾಕ್ಯದ ಮೇಲೆ ಗೆರೆ ಎಳೆದರು.

"ಮಿಸ್, ನಾನಲ್ಲ. ನಾವು," ಅಂದ ಕ್ಯಾಲಮ್.

"ಅವರು ನಿಮ್ಮೂರನ್ನ ಸೇರಿಸ್ಕೊಳ್ಳಲ್ಲ ಕ್ಯಾಲಮ್. ನಿನ್ನನ್ನ ಸೇರಿಸ್ಕೊಳ್ಳೋದು. ನೀನು ಅಲ್ಲಿದ್ಯಾ ಇಲ್ವಾ?"

"ಇದ್ದೆ."

"ಎಳೆದವರಲ್ಲಿ ನಿನ್ನ ಕೈ ಇತ್ತಾ ಇಲ್ವಾ?"

ದಡದ ಮೇಲೆ ಡೆರೆಕ್‌ನ ಕಾಲು ಹಿಡಿದು ಒಂದು ಮೊಳ ಎಳೆದಿದ್ದ. ಇತ್ತು ಅಂದ. ಮತ್ತೇನು ಅಂದರು ಮಿಸ್. ಇಷ್ಟು ಸಂಕೋಚ ಇಟ್ಟುಕೊಂಡರೆ ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೀಯ, ಅಷ್ಟೇ ಅಂದರು. ಕ್ಯಾಲಮ್ ತಿದ್ದಿದ ಹಾಗೆಯೇ ಕಳಿಸಿದ.

ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಸಂದರ್ಶನ ನಡೆಯಿತು. ಮಾತಾಡಿಸಿದಾಕೆ ಆ ಗ್ರಂಥಾಲಯವಿದ್ದ ವಿಶ್ವವಿದ್ಯಾಲಯದಲ್ಲೇ ಓದಿದ್ದ ಅಮೆರಿಕದ ವಕೀಲೆ. ಆಕೆ ಮುಂದಕ್ಕೆ ಬಾಗಿ, ಆ ಕ್ಷಣದಲ್ಲಿ ನಿನ್ನ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದಳು. ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮೊದಲ 'ನಾನು' ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಎರಡನೆಯದು ಸಲೀಸಾಗಿ ಬಂತು. ಆಮೇಲೆ ತಡೆಯಿರಲಿಲ್ಲ. ನಾನು ಮುಳುಗಿದೆ, ನಾನು ಜುಟ್ಟು ಹಿಡಿದೆ, ನಾನು ಎದೆ ಗುದ್ದಿದೆ. ವಕೀಲೆಯ ಕಣ್ಣು ಒದ್ದೆಯಾಯಿತು. ವಾಪಸು ಬರುವ ರೈಲಿನಲ್ಲಿ ಕ್ಯಾಲಮ್‌ಗೆ ನಾಚಿಕೆ ಆಗಲಿಲ್ಲ. ಹಸಿವಾಯಿತು.

ಆಕೆ ಮೆಚ್ಚಿಕೊಂಡು ಹೆಡ್‌ಮಾಸ್ಟರಿಗೆ ಎರಡು ಸಾಲು ಬರೆದಿದ್ದಳು. ಹೆಡ್‌ಮಾಸ್ಟರು ಅದನ್ನು ಊರಿನ ವಾರಪತ್ರಿಕೆಗೆ ಕೊಟ್ಟರು. ಜನವರಿಯ ಕೊನೆಯ ವಾರ, ಸೀಟು ಸಿಗುವ ಮೊದಲೇ, ಕ್ಯಾಲಮ್‌ನ ಫೋಟೋ ಹಾಕಿ ಅಚ್ಚು ಮಾಡಿದರು: ಡೆರೆಕ್ ನಾಟ್ರಸ್‌ನನ್ನು ಸಾವಿನಿಂದ ಎಳೆದು ತಂದ ಹುಡುಗ ಅಮೆರಿಕಕ್ಕೆ.

ಊರು ಏನೂ ಅನ್ನಲಿಲ್ಲ. ಶನಿವಾರ ಬೆಳಿಗ್ಗೆ ಥ್ವೇಟ್‌ಗಳ ಮನೆಯ ಹಸಿರು ಬಾಗಿಲ ಮೇಲೆ ಮೇಲಿಂದ ಕೆಳಗೆ ಬಿಳಿ ಬಣ್ಣದ ಒಂದು ಗೀಟು ಎಳೆದಿತ್ತು. ಇಂಗ್ಲಿಷಿನಲ್ಲಿ 'ನಾನು' ಅನ್ನುವುದು ಒಂದೇ ಅಕ್ಷರ, ನೆಟ್ಟ ಗೂಟದ ಹಾಗೆ. ಅಮ್ಮ ವೃದ್ಧಾಶ್ರಮದ ಪಾಳಿ ಮುಗಿಸಿ ಬಂದವಳು ಅದನ್ನು ನೋಡಿ, ಕೋಟು ಕೂಡ ಬಿಚ್ಚದೆ ಬ್ರಷ್ಷು ಹಿಡಿದು ತಿಕ್ಕಿದಳು. ಬಣ್ಣ ಹೋಗಲಿಲ್ಲ, ಗೀಟು ಅಗಲವಾಯಿತು.

ಸೋಮವಾರದಿಂದ ಶಾಲೆಯಲ್ಲಿ ಅವನ ಹೆಸರೇ 'ನಾನು' ಆಯಿತು. ಏ ನಾನು, ಬಾಗಿಲು ಹಾಕು. ನಾನು ಬಂದ್ನಾ? ಹೋಮ್‌ವರ್ಕ್ ನಾನು ಮಾಡಿದಾನೆ ಸಾರ್, ನಾವು ಮಾಡಿಲ್ಲ. ಇಂಥದ್ದನ್ನು ಸಹಿಸಬಹುದಿತ್ತು. ಬುಧವಾರ ಪಾಯಿಖಾನೆಯಲ್ಲಿ ಕೆಳಗಿನವರ ಮನೆಯ ಮೂವರು ಸಿಂಕಿಗೆ ನೀರು ತುಂಬಿಸಿ ಅವನ ತಲೆಯನ್ನು ಅದರಲ್ಲಿ ಅದುಮಿದರು. ನಲ್ಲಿಯ ತುದಿ ಹಣೆಗೆ ಕೊರೆದು ನೀರು ಕೆಂಪಾಯಿತು. ಮೇಲೆತ್ತಿ, ಉಸಿರು ತೆಗೆದುಕೊಳ್ಳಲು ಬಿಟ್ಟು, ಮತ್ತೆ ಅದುಮಿದರು.

"ಎಳೆದು ಹಾಕೋದ್ರಲ್ಲಿ ನೀನು ಎಕ್ಸ್‌ಪರ್ಟ್ ಅಂತಲ್ಲೋ," ಅಂದ ಒಬ್ಬ. "ಎಲ್ಲಿ, ನಿನ್ನನ್ನ ನೀನೇ ಎಳ್ಕೋ ನೋಡೋಣ."

ಗುರುವಾರ ಸಂಜೆ ಕಾಲಿನ್ ನಾಟ್ರಸ್ ಮನೆಗೆ ಬಂದ. ಎಣ್ಣೆಯ ವಾಸನೆಯ ಏಪ್ರನ್ನಿನಲ್ಲೇ ಬಂದಿದ್ದ. ಬಾಗಿಲು ತೆಗೆದದ್ದು ಕ್ಯಾಲಮ್. ಶೇನ್ ಒಳಗೆ ಊಟಕ್ಕೆ ಕೂತಿದ್ದ; ಕಸಾಯಿಖಾನೆಯಿಂದ ಆಗಷ್ಟೇ ಬಂದಿದ್ದ. ಕಾಲಿನ್ ಗೀಟನ್ನು ಒಂದು ಸಲ ನೋಡಿದ, ಕ್ಯಾಲಮ್‌ನ ಹಣೆಯ ಗಾಯವನ್ನು ನೋಡಿದ.

"ನಿಂಗೆ ಥ್ಯಾಂಕ್ಸ್ ಹೇಳೋಕೆ ಬಂದೆ ಅನ್ಕೋಬೇಡ," ಅಂದ. "ಒಂದು ವರ್ಷ ನಾವು ಯಾರನ್ನೂ ಏನೂ ಕೇಳಿಲ್ಲ. ಚೆಂಡಿಗೆ ಸಿಕ್ಕಿದ್ದು ಅಂದ್ರು, ಹೂಂ ಅಂದ್ವಿ. ಈಗ ಪೇಪರಲ್ಲಿ ಬಂದಿದೆ, ಅಲ್ಲೊಬ್ಬ 'ನಾನು' ಇದ್ನಂತೆ. ಒಬ್ಬ ಇದ್ದ ಅಂದ್ಮೇಲೆ ಇನ್ನೊಬ್ಬನೂ ಇದ್ದ. ಎತ್ತಿದವನಿಗೆ ತುಳಿದವನು ಯಾರು ಅಂತ ಗೊತ್ತಿರುತ್ತೆ. ಹೆಸರು ಹೇಳು."

ಶೇನ್ ಎದ್ದು ಬಂದು ಕ್ಯಾಲಮ್‌ನ ಹಿಂದೆ ನಿಂತ.

"ಊಟದ ಹೊತ್ತು ಕಾಲಿನ್," ಅಂದ.

"ಮಾಡಿ, ಮಾಡಿ. ಮಂಗಳವಾರ ಚೆಂಡಿನ ಆಟ, ಅಲ್ಲೀ ತನಕ ಟೈಮಿದೆ. ಹೆಸರು ಬರದಿದ್ರೆ ಇವನದೇ ಹೆಸರು ಅಂತ ಇಟ್ಕೊಳ್ತೀವಿ. ನಮಗೇನು, ಯಾವುದಾದ್ರೂ ನಡೆಯುತ್ತೆ."

ಬಾಗಿಲು ಹಾಕಿದ ಮೇಲೆ ಶೇನ್ ತಟ್ಟೆಯಲ್ಲಿ ಉಳಿದದ್ದನ್ನು ತಿಂದು ಮುಗಿಸಿದ. ಕೈ ತೊಳೆದ. ಆಮೇಲೆ ತಮ್ಮನ ಕಾಲರು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ.

ಶೇನ್ ದಿನವೂ ಕುರಿ ಕೊಯ್ಯುವವನು. ಅವನು ಹೊಡೆಯುವುದರಲ್ಲಿ ಆತುರವೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಮೊದಲು ಹೊಟ್ಟೆಗೆ, ಕ್ಯಾಲಮ್ ಬಾಗಿದ. ಬಾಗಿದವನ ಮುಖಕ್ಕೆ ಮೊಣಕಾಲು. ಎತ್ತಿ ನಿಲ್ಲಿಸಿ ಕಲ್ಲಿನ ಗೋಡೆಗೆ ಒರಗಿಸಿ ಮತ್ತೆ. ಒಂದು ಹಲ್ಲು ನಾಲಿಗೆಯ ಮೇಲೆ ಉರುಳಿತು. ಕ್ಯಾಲಮ್ ಅದನ್ನು ಉಗುಳಿದ.

"ನಿನ್ನ ಹೆಸರು ಕದ್ದೆ ಅಂತ ತಾನೇ," ಅಂದ. ಮಾತು ರಕ್ತದಲ್ಲಿ ಗೊಳಗೊಳ ಅಂದಿತು.

"ಹೆಸರು ತಗೊಂಡು ನೆಕ್ಕೋ. ಅದು ಯಾರಿಗೆ ಬೇಕು? ಮುಚ್ಚಿಟ್ಟಿದ್ದ ಬಾಗಿಲು ತೆಗೆದ್ಯಲ್ಲೋ."

ಇನ್ನೊಂದು ಏಟು ಕಿವಿಯ ಮೇಲೆ ಬಿತ್ತು, ಅಪ್ಪ ಹೊಡೆದ ಅದೇ ಕಿವಿಯ ಮೇಲೆ.

"ನಾನೇ ಅವನ ಮೇಲೆ ನಿಂತಿದ್ದೆ ಶೇನ್."

ಶೇನ್‌ನ ಕೈ ನಿಂತಿತು.

"ಗೊತ್ತು," ಅಂದ. "ಕೆಳಗೆ ಹೋದಾಗ ಮೊದಲು ಕೈಗೆ ಸಿಕ್ಕಿದ್ದು ಬೂಟು. ಮೂರು ಗಂಟು ಇತ್ತು. ನಾನೇ ಹಾಕಿದ್ದ ಗಂಟು ನನಗೆ ಗೊತ್ತಾಗಲ್ವಾ. ಆ ಕಾಲು ಕಿತ್ತು ಪಕ್ಕಕ್ಕೆ ಹಾಕಿದ ಮೇಲೇ ಡೆರೆಕ್‌ನ ಎಳೆದಿದ್ದು."

ಅವನು ಗೋಡೆಗೆ ಒರಗಿ ತಮ್ಮನ ಪಕ್ಕದಲ್ಲೇ ನೆಲದ ಮೇಲೆ ಕೂತ. ಬೆರಳ ಗೆಣ್ಣುಗಳನ್ನು ಅಂಗಿಗೆ ಒರೆಸಿಕೊಂಡ. ಮಂಗಳವಾರ ಮನೆಯಲ್ಲೇ ಇರು ಅಂದ. ಬಾಯಿ ಮುಚ್ಚಿಕೊಂಡು ಅಮೆರಿಕಕ್ಕೆ ಹೋಗು, ನಿನ್ನ ಆ ಹಾಳು ಕುರ್ಚಿಯಲ್ಲಿ ಕೂತುಕೋ, ಈ ಕಡೆ ತಿರುಗಿ ನೋಡಬೇಡ ಅಂದ. ಆಮೇಲೆ ಅಲ್ಲೇ ಬಿದ್ದಿದ್ದ ಹಲ್ಲನ್ನು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿ, ಹುಳುಕು ಹಿಡಿದಿತ್ತು ಬಿಡು ಅಂದು ಬೇಲಿಯಾಚೆ ಎಸೆದ.

ಮಂಗಳವಾರ ಮಧ್ಯಾಹ್ನ ಸೇತುವೆಯ ಕಡೆಯಿಂದ ಚೆಂಡು ಎಸೆದ ಗದ್ದಲ ಕೇಳಿಸಿತು. ಕ್ಯಾಲಮ್ ಅಡುಗೆಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದುಕೊಂಡು ಕೂತಿದ್ದ. ಅಮ್ಮ ಕಾವಲಿಯ ಮುಂದೆ ನಿಂತು ಪ್ಯಾನ್‌ಕೇಕ್ ಹುಯ್ಯುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಆಶ್ರಮದಲ್ಲಿ ಅಡುಗೆಯವಳು ಏನೋ ಅಂದ್ಲು. ಶನಿವಾರ ಶೇನ್ ಚಿಪ್ಸ್ ಅಂಗಡಿಗೆ ಹೋಗಿದ್ನಂತೆ. ಎಲ್ಲ ಕ್ಯೂ ನಿಂತಿದ್ರಂತೆ. ಹೆಸರು ಬೇಕಿತ್ತಲ್ಲ ಕಾಲಿನ್, ತುಳಿದವನು ನಾನು ಅಂದ್ನಂತೆ. ನಿಜಾನಾ?"

ಕ್ಯಾಲಮ್ ಮೆಟ್ಟಿಲ ಕೆಳಗಿನ ಗೂಡಿನಿಂದ ಬೂಟು ಎಳೆದು, ಲೇಸು ಕೂಡ ಕಟ್ಟದೆ ಓಡಿದ. ಕಾವಲಿಯ ಮೇಲಿನದು ಸೀದ ವಾಸನೆ ಬೀದಿಯ ತನಕ ಬಂತು.

ಅಪ್ಪುಗೆ ಆಗಲೇ ಹೊಳೆಯಲ್ಲಿತ್ತು. ನೂರಾರು ಮೈಗಳ ಮೇಲಿಂದ ಹಬೆ ಏಳುತ್ತಿತ್ತು. ನೀರು ಹೋದ ವರ್ಷಕ್ಕಿಂತ ಕಡಿಮೆ, ಸೊಂಟದ ತನಕ. ಕ್ಯಾಲಮ್ ದಡದಿಂದ ನೇರವಾಗಿ ಬೆನ್ನುಗಳ ಮೇಲೆ ಹಾರಿದ. ಯಾರದೋ ಮೊಣಕೈ ಬಾಯಿಗೆ ಬಿತ್ತು, ಇನ್ನೊಂದು ಹಲ್ಲು ಹೋಯಿತು. ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಒಬ್ಬನ ಮೂಗಿಗೆ ತಲೆಯಿಂದ ಗುದ್ದಿದ, ಮೂಗು ಮೆತ್ತಗಾಯಿತು. ದಾರಿ ಬಿಡದ ಇನ್ನೊಬ್ಬನ ಕಿವಿ ಕಚ್ಚಿದ. ಬಾಯಲ್ಲಿ ಉಪ್ಪು ತುಂಬಿತು. ಹೀಗೆ ತೂರಿಕೊಂಡು ಸೇತುವೆಯ ಕಂಬದ ಹತ್ತಿರ ಬಂದಾಗ ಶೇನ್ ಕಂಡ.

ಶೇನ್‌ಗೆ ಯಾರೂ ಹೊಡೆಯುತ್ತಿರಲಿಲ್ಲ. ಅವನ ಬಲಗಾಲು ಕಂಬಕ್ಕೂ ಅದರ ಬುಡದ ಬಂಡೆಗೂ ನಡುವೆ ಸಿಕ್ಕಿತ್ತು. ಕೆಳಗಿನವರ ನಾಲ್ಕೈದು ಜನ ಅವನಿಗೆ ಎದೆ ಕೊಟ್ಟು ನಿಂತಿದ್ದರು. ಅವರ ಹಿಂದೆ ಹತ್ತಾರು, ಅವರ ಹಿಂದೆ ನೂರಾರು. ಎಲ್ಲರ ಮುಂದೆ ಕಾಲಿನ್. ಅವನು ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ ಹಿಡಿದಿದ್ದ, ಸೇತುವೆಯ ಮೇಲಿದ್ದ ಎಲ್ಲರಿಗೂ ಕಾಣುವ ಹಾಗೆ. ಕೈಯಲ್ಲಿ ಏನೂ ಇರಲಿಲ್ಲ, ಕೈ ಏನೂ ಮಾಡುತ್ತಿರಲಿಲ್ಲ. ಎದೆ ಮಾತ್ರ ಒಂದೇ ಸಮನೆ ನೂಕುತ್ತಿತ್ತು. ಶೇನ್‌ನ ಮುಖ ಬಿಳಿಚಿಕೊಂಡು ಬಾಯಿ ತೆರೆದಿತ್ತು. ಸದ್ದು ಬರುತ್ತಿರಲಿಲ್ಲ.

"ಅವನಲ್ಲ," ಅಂದ ಕ್ಯಾಲಮ್. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದವನ ಹೆಗಲ ಮೇಲೆ ಹತ್ತಿ, ಗಂಟಲು ಹರಿಯುವ ಹಾಗೆ ಕೂಗಿದ. "ನಾನು. ಡೆರೆಕ್‌ನ ತುಳಿದಿದ್ದು ನಾನು. ನಾನು ಕಣ್ರೋ."

ಈ ಸಲ ಕೇಳಿಸಿತು. ಸೇತುವೆಯ ಮೇಲೆ ಒಬ್ಬ ನಕ್ಕ. ನೋಡ್ರೋ, ನಾನು ಬಂದ ಅಂದ. ತುಳಿದಿದ್ದೂ ಇವನೇ ಅಂತೆ, ಯಾರಿಗೂ ಏನೂ ಬಿಡಲ್ಲ ಈ ನನ್ಮಗ ಅಂದ ಇನ್ನೊಬ್ಬ. ನಗು ದಡದಿಂದ ದಡಕ್ಕೆ ಹೋಯಿತು. ಮೇಲಿನವರೂ ನಕ್ಕರು. ಕಾಲಿನ್ ತಲೆ ತಿರುಗಿಸಿ ಕ್ಯಾಲಮ್‌ನನ್ನು ಒಂದು ಸಲ ನೋಡಿದ. ಎತ್ತಿದ ಕೈ ಇಳಿಸಲಿಲ್ಲ. ಹಿಂದಿನವರು ಮತ್ತೊಮ್ಮೆ ನೂಕಿದರು.

ಹಸಿ ಕೊಂಬೆ ಮುರಿದ ಸದ್ದು ಬಂತು. ಶೇನ್‌ನ ಬಾಯಿಂದ ಆಗ ಸದ್ದು ಹೊರಟಿತು. ಕ್ಯಾಲಮ್ ಆ ಸದ್ದನ್ನು ಕಸಾಯಿಖಾನೆಯ ಗೇಟಿನಲ್ಲಿ ಕೇಳಿದ್ದ, ಕುರಿಗಳದ್ದು.

ಅದೇ ಹೊತ್ತಿಗೆ ಯಾರ ಹೊಟ್ಟೆಯ ಕೆಳಗೋ ಇದ್ದ ಚೆಂಡು ಜಾರಿ ನೀರಿಗೆ ಬಿತ್ತು. ಅದು ತೇಲಿ ಹೋದದ್ದನ್ನು ಯಾರೂ ನೋಡಲಿಲ್ಲ. ಚೆಂಡು ಇಲ್ಲ ಅಂತ ತಿಳಿದ ಮೇಲೆ ಅಪ್ಪುಗೆ ಸಡಿಲವಾಯಿತು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಶೇನ್‌ನನ್ನು ಎಳೆದು ದಡಕ್ಕೆ ಹಾಕಿದರು. ಯಾರು ಅಂತ ಕೇಳಿದರೆ, ಎಲ್ಲರೂ. ಬೂಟಿನ ತುದಿ ಹಿಮ್ಮಡಿ ಇರಬೇಕಾದ ಕಡೆಗೆ ತಿರುಗಿತ್ತು. ಪ್ಯಾಂಟಿನ ಬಟ್ಟೆ ಹರಿದು ಎಲುಬು ಹೊರಗೆ ಬಂದಿತ್ತು, ಆಗ ತಾನೆ ತೊಳೆದಷ್ಟು ಬೆಳ್ಳಗೆ.

ಡಾಕ್ಟರುಗಳು ಎರಡು ದಿನ ನೋಡಿ ಮಂಡಿಯ ಕೆಳಗೆ ಕತ್ತರಿಸಿದರು.

ಪೊಲೀಸ್ ಸಾರ್ಜೆಂಟ್ ಗಿಲ್‌ಪಿನ್ ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿಕೆ ತೆಗೆದುಕೊಳ್ಳಲು ಬಂದ. ಊರಿನವನೇ, ಅವನ ಎಡಗಿವಿ ಹಳೆಯ ಅಪ್ಪುಗೆಯೊಂದರಲ್ಲಿ ಹಿಸುಕಿಹೋಗಿ ಹೂಕೋಸಿನ ಹಾಗಾಗಿತ್ತು. ಕ್ಯಾಲಮ್ ಎಲ್ಲವನ್ನೂ ಹೇಳಿದ. ಹೋದ ವರ್ಷ ಯಾರ ಮೇಲೆ ನಿಂತೆ, ಯಾಕೆ ಜರುಗಲಿಲ್ಲ, ಈ ವರ್ಷ ಮುಂದೆ ಯಾರು ಇದ್ದರು, ಯಾರ ಎದೆ. ಸಾರ್ಜೆಂಟ್ ಕೇಳಿದ. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಹೋದ ವರ್ಷದ್ದು ಹೋದ ವರ್ಷಕ್ಕೇ ಆಯ್ತು ಮಗಾ," ಅಂದ. "ಒಂದು ನಾನು ಬರೆದ್ರೆ ಎಲ್ರದ್ದೂ ಬರೀಬೇಕಾಗುತ್ತೆ. ಅಷ್ಟು ಕಾಗದ ನಮ್ಮ ಸ್ಟೇಷನ್ನಲ್ಲಿಲ್ಲ."

ಕ್ಯಾಲಮ್ ಚಿಪ್ಸ್ ಅಂಗಡಿಗೂ ಹೋದ. ಕ್ಯೂ ಅವನಿಗೆ ದಾರಿ ಬಿಟ್ಟಿತು. ತುಳಿದದ್ದು ಶೇನ್ ಅಲ್ಲ ಅಂತ ಕಾಲಿನ್‌ಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ. ನಮಗೆ ಒಂದು ಹೆಸರು ಬೇಕಿತ್ತು, ಬಂತು, ಮುಗೀತು ಅಂದ ಕಾಲಿನ್. ಅವನು ಎಣ್ಣೆಯಿಂದ ಮೀನು ಎತ್ತುತ್ತಿದ್ದ. ವಿನೆಗರ್ ಹಾಕಲಾ ಅಂತ ಮುಂದಿನವಳನ್ನು ಕೇಳಿದ. ಮೂಲೆಯಲ್ಲಿ ಡೆರೆಕ್ ಕ್ಯಾಲಮ್‌ನ ಬೂಟನ್ನೇ ನೋಡುತ್ತ ನಗುತ್ತಿದ್ದ.

ಮಾರ್ಚ್ ಕೊನೆಗೆ ಅಮೆರಿಕದಿಂದ ಉತ್ತರ ಬಂತು. ಅರ್ಜಿ ಹಾಕಿದ್ದ ನಾಲ್ಕರಲ್ಲಿ ಮೂರು ಕಡೆ ಇಲ್ಲ, ಆ ಗ್ರಂಥಾಲಯ ಇದ್ದ ಕಡೆ ಹೌದು. ಎಲ್ಲ ಖರ್ಚೂ ಅವರದ್ದೇ. ಮಿಸ್ ಡಕ್ವರ್ತ್ ಅವನನ್ನು ತಬ್ಬಿಕೊಂಡು ಅತ್ತರು. ಬಾಯಲ್ಲಿನ ಕಂಡಿ ನೋಡಿ ಏನಾಯಿತು ಅಂತ ಕೇಳಿದರು. ಚೆಂಡಿಗೆ ಸಿಕ್ಕಿದ್ದು, ಮಿಸ್, ಅಂದ.

ಶೇನ್ ಆಗ ಮನೆಗೆ ಬಂದಿದ್ದ. ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯ ಸೋಫಾದ ಮೇಲೆ ಮಲಗುತ್ತಿದ್ದ. ಸುದ್ದಿ ಕೇಳಿ, ಸರಿ, ಕಾಲು ದಂಡ ಆಗಲಿಲ್ಲ ಅಂದ. ಅವನು ಅಷ್ಟು ಖುಷಿಯಾಗಿದ್ದನ್ನು ಕ್ಯಾಲಮ್ ನೋಡಿರಲಿಲ್ಲ. ಅಮ್ಮನಿಗೆ ಹೇಳಿ ಬಿಯರ್ ತರಿಸಿದ.

ಮೂರು ದಿನ ಕ್ಯಾಲಮ್ ಆ ಕುರ್ಚಿಯನ್ನು ನೆನೆಸಿಕೊಂಡ. ಕೂತರೆ ಏಳು ಅನ್ನುವವರಿಲ್ಲದ ಕುರ್ಚಿ. ನಾಲ್ಕನೆಯ ದಿನ ಶಾಲೆಯ ಕಂಪ್ಯೂಟರಿನ ಮುಂದೆ ಕೂತು ವಿಶ್ವವಿದ್ಯಾಲಯಕ್ಕೆ 'ನಾನು' ಅಂತ ಶುರು ಮಾಡಿ ಬರೆದ. ನಾನು ಆತನನ್ನು ಎತ್ತಲಿಲ್ಲ. ನಾನು ಆತನ ಮೇಲೆ ನಿಂತಿದ್ದೆ. ಎತ್ತಿದ್ದು ನನ್ನ ಅಣ್ಣ. ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿನಲ್ಲಿ ಯಾರೂ ತೆಗೆದುಕೊಳ್ಳದ ಮಾತನ್ನು ಅವರು ತೆಗೆದುಕೊಂಡರು. ಮರ್ಯಾದೆಯ ಮೂರು ಸಾಲಿನಲ್ಲಿ ಉತ್ತರ ಬಂತು. ಕೊಟ್ಟ ಸೀಟನ್ನು ಹಿಂದಕ್ಕೆ ತೆಗೆದುಕೊಂಡಿದ್ದರು.

ಅದನ್ನು ಕ್ಯಾಲಮ್ ಸೋಫಾದ ಮುಂದೆ ನಿಂತುಕೊಂಡೇ ಹೇಳಿದ. ಶೇನ್ ಟೀವಿ ಆರಿಸಿದ. ಹತ್ತಿರ ಬಾ ಅಂದ. ಕ್ಯಾಲಮ್ ಹೋದ. ಶೇನ್ ಪಕ್ಕದಲ್ಲಿದ್ದ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿ ಅವನ ಬಾಯಿಗೆ ಬಾರಿಸಿದ. ಬಾರಿಸಿದ ರಭಸಕ್ಕೆ ತಾನೇ ಸೋಫಾದಿಂದ ಜಾರಿ ಬಿದ್ದ. ಕತ್ತರಿಸಿದ ಕಾಲಿನ ತುದಿ ನೆಲಕ್ಕೆ ತಾಗಿ ಮಾಗುತ್ತಿದ್ದ ಗಾಯ ಬಿಚ್ಚಿತು. ಅಮ್ಮ ಬಂದು ನೋಡಿದಾಗ ಇಬ್ಬರೂ ಕಾರ್ಪೆಟ್ಟಿನ ಮೇಲೆ ಬಿದ್ದಿದ್ದರು. ಯಾರ ರಕ್ತ ಎಲ್ಲಿಯದು ಅಂತ ಗೊತ್ತಾಗುವ ಹಾಗಿರಲಿಲ್ಲ.

"ಯಾರೋ ಮೊದಲು ಹೊಡೆದಿದ್ದು?" ಅಂತ ಕೇಳಿದಳು.

"ನಾವು," ಅಂದ ಕ್ಯಾಲಮ್.

ಹೋದದ್ದು ಇಷ್ಟು: ಡೆರೆಕ್ ನಾಟ್ರಸ್‌ನ ಅರ್ಧ ಮಾತು. ಶೇನ್‌ನ ಬಲಗಾಲು, ಮಂಡಿಯ ಕೆಳಗೆ. ಕಸಾಯಿಖಾನೆಯಲ್ಲಿ ಒಂದು ಕೆಲಸ. ಕ್ಯಾಲಮ್‌ನ ಮೂರು ಹಲ್ಲು. ಎರಡು ಅಣ್ಣ ಉದುರಿಸಿದ್ದು, ಒಂದು ಹೊಳೆಯಲ್ಲಿ. ಅಮೆರಿಕದಲ್ಲಿ ಒಂದು ಸೀಟು. ಒಂದು ಚೆಂಡು.